ಬೀಗ ಸುಳ್ಳೋ, ದೊರೆ ಸುಳ್ಳೋ

ನಾಯಿಮರಿ ಹುಟ್ಟಬೇಕಾದರೆ ಎರಡು ನಾಯಿ ಬೇಕು. ಒಂದು ಹೆಣ್ಣು, ಒಂದು ಗಂಡು. ಇದನ್ನು ತಿಳಿಯಲು ಯಾರೂ ಪುಸ್ತಕ ತೆರೆಯಬೇಕಿಲ್ಲ. ಆದರೂ ನಾಲ್ಕು ಜನ ಸೇರಿ "ಬೀದೀಲಿ ನಾಯಿ ಕಾಟ ಹೆಚ್ಚಾಯ್ತು" ಎಂದ ಕೂಡಲೇ ಈ ಎರಡರಲ್ಲಿ ಒಂದು ಮಾಯವಾಗಿಬಿಡುತ್ತದೆ. ಯಾವುದು ಎಂದು ಹೇಳಬೇಕೇ? ಹೊಟ್ಟೆ ಊದದೆ ಇರುವುದು. ಕತ್ತಿನಲ್ಲಿ ಪಟ್ಟಿ ಇರುವುದು. ತನ್ನ ಕೆಲಸ ಮುಗಿಸಿ ಮನೆಗೆ ಬಂದು, ಮೆಟ್ಟಿಲ ಮೇಲೆ ದೊಡ್ಡ ಮನುಷ್ಯರ ಹಾಗೆ ಕಾಲು ಚಾಚಿ ಮಲಗುವುದು.

ಬೀಗದಣ್ಣನ ಗಲ್ಲಿಯಲ್ಲಿಯೂ ಹೀಗೆಯೇ ಆಗಿತ್ತು. ಅಲ್ಲಿ ಕರಿ ಎಂಬ ಬೀದಿನಾಯಿ ಇದ್ದಳು. ವರ್ಷ ಬಿಡದೆ ಮರಿ ಹಾಕುತ್ತಿದ್ದಳು. ಒಂದಿಷ್ಟು ಹಾಲಿನ ವ್ಯಾನಿನ ಚಕ್ರಕ್ಕೆ ಹೋಗುತ್ತಿದ್ದವು, ಒಂದಿಷ್ಟು ಚಳಿಗೆ. ಬದುಕಿ ಉಳಿದವು ಸೈಕಲ್ಲಿನವರ ಹಿಂದೆ ಓಡಿ ಒದೆ ತಿನ್ನುತ್ತಿದ್ದವು. ಬೈಗುಳ ಮಾತ್ರ ಪೂರ್ತಿ ಕರಿಗೆ. "ದರಿದ್ರದ್ದಕ್ಕೆ ನಾಚಿಕೆ ಅನ್ನೋದೇ ಇಲ್ಲ" ಎಂದು ಗಲ್ಲಿ ಒಕ್ಕೊರಲಿನಿಂದ ಹೇಳುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದವರು ಎಂದೋ ಸತ್ತುಹೋದರು ಎಂದುಕೊಳ್ಳಬೇಡಿ. ಅವರಿಗೆಲ್ಲ ಮೊಮ್ಮಕ್ಕಳಿದ್ದಾರೆ.

ಇನ್ನು ಬೀಗದಣ್ಣ. ಅವನಿಗೆ ಬೇರೊಂದು ಹೆಸರು ಇದ್ದೇ ಇತ್ತು, ಆದರೆ ಆ ಹೆಸರು ಹಿಡಿದು ಕರೆದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಕೆಟ್ಟ ಬೀಗ ರಿಪೇರಿ ಮಾಡುವುದು, ಕಳೆದ ಬೀಗದ ಕೈಗೆ ಜೋಡಿ ಮಾಡಿಕೊಡುವುದು, ಮನೆಯಾಚೆ ಸಿಕ್ಕಿಬಿದ್ದವರಿಗೆ ಬಾಗಿಲು ತೆಗೆದುಕೊಡುವುದು ಅವನ ಕಸುಬು. ಕಲಿಸಿದವನು ಸೋದರಮಾವ. ಮಾವ ಹೇಳಿಕೊಟ್ಟದ್ದು ಎರಡೇ ಪಾಠ. ಒಂದು, ಬೀಗ ಪರೀಕ್ಷೆ ಮಾಡುವಾಗ ಕಣ್ಣು ಮುಚ್ಚಬೇಕು. "ಕಣ್ಣು ಕಳ್ಳ, ಬೆರಳು ಸಾಕ್ಷಿ" ಎನ್ನುತ್ತಿದ್ದ ಮಾವ. ಬೀಗದೊಳಗಿನ ಲಿವರು ಎಂಬ ಹಿತ್ತಾಳೆ ಪಟ್ಟಿಗಳು ಒಂದೊಂದಾಗಿ ಕೂರುವ ಸದ್ದನ್ನು ಕಿವಿಯಿಂದ ಕೇಳಬೇಕು, ಬೆರಳಿನಿಂದ ತಿಳಿಯಬೇಕು. ಎರಡನೆಯ ಪಾಠ, ಬಾಗಿಲು ತೆರೆದ ಮರುಗಳಿಗೆ ಅದಕ್ಕೆ ಬೆನ್ನು ಮಾಡಿ ನಿಲ್ಲಬೇಕು. ಒಳಗೆ ಇಣುಕಬಾರದು. "ಬಾಗಿಲು ತೆಗೆಯೋದು ನಮ್ಮ ಕೆಲಸ. ಒಳಗೇನಿದೆ ಅಂತ ನೋಡೋದು ನಮ್ಮ ಕೆಲಸ ಅಲ್ಲ."

ಬೀಗದಣ್ಣ ಈ ಎರಡು ಮಾತುಗಳನ್ನು ಹಿಡಿದುಕೊಂಡೇ ಅರ್ಧ ಆಯಸ್ಸು ಕಳೆದಿದ್ದ. ಜನ ಅವನನ್ನು ನಂಬುತ್ತಿದ್ದರು. ಕಣ್ಣು ಮುಚ್ಚುವವನನ್ನೂ ಬೆನ್ನು ತಿರುಗಿಸುವವನನ್ನೂ ನಂಬದೆ ಇನ್ನಾರನ್ನು ನಂಬುತ್ತದೆ ಲೋಕ?

ಅವನ ನಾಯಿ ದೊರೆ ಸಿಕ್ಕಿದ್ದೂ ಹಾಗೊಂದು ಬಾಗಿಲಿನಿಂದಲೇ. ಬಾಡಿಗೆದಾರರು ಹೇಳದೆ ಕೇಳದೆ ಜಾಗ ಖಾಲಿ ಮಾಡಿದ್ದರು, ಮನೆಯ ಯಜಮಾನ ಬೀಗ ತೆಗೆಸಲು ಇವನನ್ನು ಕರೆದಿದ್ದ. ಬಾಗಿಲು ತೆರೆದು ಬೆನ್ನು ತಿರುಗಿಸಿದರೆ, ಕಾಲಿನ ಸಂದಿಯಿಂದ ಏನೋ ತೂರಿ ಬಂತು. ಕಂದು ಮೈ, ಪುಸ್ತಕದ ಹಾಳೆ ಮಡಿಚಿಟ್ಟಂತೆ ಮಡಿಚಿದ ಎಡಗಿವಿ, ಪಕ್ಕೆಲುಬು ಎಣಿಸಬಹುದಾದಂಥ ಮರಿ. ಅದು ಬೀಗದಣ್ಣನ ಹಿಂದೆಯೇ ಮನೆಗೆ ಬಂತು. ಬೆಳೆದು, ಬಾಗಿಲಲ್ಲಿ ಎದೆ ಸೆಟೆಸಿ ಕೂರತೊಡಗಿದ ಮೇಲೆ ಅದಕ್ಕೆ ದೊರೆ ಎಂದು ಹೆಸರಾಯಿತು. ಕೆಲವೇ ತಿಂಗಳುಗಳಲ್ಲಿ ಗಲ್ಲಿಯ ಮರಿಗಳಲ್ಲೂ ಮಡಿಚಿದ ಎಡಗಿವಿ ಕಾಣಿಸತೊಡಗಿತು.

"ಕಾಕತಾಳೀಯ" ಎಂದರು ಮೇಷ್ಟ್ರು. ಇವರು ನಿವೃತ್ತ ಮುಖ್ಯೋಪಾಧ್ಯಾಯರು, ಗಲ್ಲಿಯ ಸಂಘಕ್ಕೆ ಅಧ್ಯಕ್ಷರು, ಮೈತುಂಬ ಚುಕ್ಕೆ ಇರುವ ಜಾತಿನಾಯಿಯೊಂದರ ಯಜಮಾನರು. ಅದೂ ಗಂಡೇ.

ಒಮ್ಮೆ ದೊರೆ ತೊಡೆ ಹರಿದುಕೊಂಡು ಬಂದ. ಕರಿ ಬೆದೆಗೆ ಬಂದಿದ್ದಳು, ಅಕ್ಕಪಕ್ಕದ ಬೀದಿಯ ಗಂಡುನಾಯಿಗಳೆಲ್ಲ ಸೇರಿ ಕಚ್ಚಾಡಿದ್ದವು. ಪಶು ಆಸ್ಪತ್ರೆಯ ಡಾಕ್ಟರಮ್ಮ ಹೊಲಿಗೆ ಹಾಕುತ್ತಲೇ ಹೇಳಿದರು:

"ಗಾಯ ಮಾಗಲಿ, ಆಮೇಲೆ ಆಪರೇಷನ್ ಮಾಡಿಸಿಬಿಡಿ. ಹೀಗೆ ಓಡಿ ಹೋಗೋದು, ಕಚ್ಚಾಡೋದು ಎಷ್ಟೋ ಕಡಿಮೆಯಾಗುತ್ತೆ."

"ಯಾವ ಆಪರೇಷನ್ನು?"

"ಬೀಜ ತೆಗೆಯೋದು. ಗಂಡಿಗೆ ಸಣ್ಣ ಕೆಲಸ. ಸಂಜೆಗೆ ಮನೆಗೆ ಕರಕೊಂಡು ಹೋಗಬಹುದು."

ಬೀಗದಣ್ಣ ತನಗೇ ಸೂಜಿ ಚುಚ್ಚಿದಂತೆ ಹಿಂದಕ್ಕೆ ಸರಿದ. "ಅಲ್ಲಮ್ಮಾ, ಲಿವರ್ ತೆಗೆದ ಮೇಲೆ ಅದು ಬೀಗವೇನು? ಬರೀ ಕಬ್ಬಿಣದ ಡಬ್ಬಿ!"

"ನಾಯಿ ಮನೆ ಕಾಯೋದು ಮೂಗಿನಿಂದ, ಗಂಟಲಿನಿಂದ. ನೀವು ಹೇಳೋ ಲಿವರಿನಿಂದ ಯಾವ ನಾಯೀನೂ ಬೊಗಳೋದಿಲ್ಲ."

ಈ ಮಾತು ಅದೇ ಸಂಜೆ ಬೇಕರಿಯ ಮುಂದಿನ ಕಟ್ಟೆಗೆ ತಲುಪಿತು. ಅಲ್ಲಿ ಕೂತಿದ್ದ ಗಂಡಸರೆಲ್ಲ, ಯಾರೂ ಹೇಳದೆಯೇ, ಕಾಲು ಜೋಡಿಸಿಕೊಂಡರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಕಥೆ ಕೇಳಿದ್ದೇವೆ. ಇವರು ಹೆಗಲಿಗಿಂತ ಕೆಳಗೆ ಮುಟ್ಟಿ ನೋಡಿಕೊಳ್ಳುವುದೊಂದು ಬಾಕಿ ಇತ್ತು.

"ಪಾಪ ಕಣಣ್ಣಾ, ಗಂಡುಪ್ರಾಣಿ. ನಾಳೆ ನಾಲ್ಕು ನಾಯಿ ಮುಂದೆ ಹೇಗೆ ತಲೆಯೆತ್ತಿ ಓಡಾಡುತ್ತೆ?" ಎಂದ ಬೇಕರಿಯವನು.

"ಪ್ರಕೃತಿಗೆ ವಿರುದ್ಧ" ಎಂದರು ಮೇಷ್ಟ್ರು, ತಮ್ಮ ಚುಕ್ಕೆನಾಯಿಗೆ ಕೆನೆ ಬಿಸ್ಕತ್ತು ತಿನ್ನಿಸುತ್ತ.

ಕೆನೆ ಬಿಸ್ಕತ್ತು ಪ್ರಕೃತಿ, ಕತ್ತಿನ ಸರಪಳಿ ಪ್ರಕೃತಿ, ವ್ಯಾನಿನ ಚಕ್ರದಡಿ ಅಪ್ಪಚ್ಚಿಯಾದ ಮರಿಯಂತೂ ಅಪ್ಪಟ ಪ್ರಕೃತಿ. ಡಾಕ್ಟರಮ್ಮನ ಕತ್ತರಿ ಮಾತ್ರ ಮಹಾಪಾಪ. ಹೀಗೆ ತೀರ್ಮಾನವಾಯಿತು, ಎಲ್ಲರೂ ಚಹಾ ಕುಡಿದು ಎದ್ದರು.

ಬೀಗದಣ್ಣನ ಹೆಂಡತಿ ಮನೆಯ ಮುಂದಿನ ಚಾವಡಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಇಡೀ ಗಲ್ಲಿಯ ಅಂಗಿ, ಪ್ಯಾಂಟು, ಸೀರೆಗಳು ಅವಳ ಮೇಜಿನ ಮೇಲೆಯೇ ಮರ್ಯಾದೆ ಪಡೆದು ಹೋಗಬೇಕು. ಆ ಮೇಜಿನ ಕೆಳಗಿನ ಬೆಚ್ಚನೆಯ ಜಾಗ ಕರಿಯದು. ಗಂಡ ಬಂದು ಕಟ್ಟೆಯ ತೀರ್ಮಾನ ಹೇಳಿದಾಗ ಅವಳು ಕೈ ನಿಲ್ಲಿಸಲಿಲ್ಲ.

"ಎರಡನೇ ಹೆರಿಗೆ ಆದ ಮೇಲೆ ನನಗೆ ಆಪರೇಷನ್ ಮಾಡಿಸಿದ್ರಲ್ಲ, ಅವತ್ತು ಬೇಕರಿ ಮುಂದೆ ಯಾರೂ ಕಾಲು ಜೋಡಿಸಿಕೊಂಡ ಹಾಗೆ ನೆನಪಿಲ್ಲ."

"ಅದು ಬೇರೆ ಕಣೇ."

"ಹೂಂ, ಬೇರೆ. ಹೊಟ್ಟೆ ನನ್ನದಾಗಿತ್ತು."

ಬೀಗದಣ್ಣ ಶೆಡ್ಡಿಗೆ ಹೋಗಿ, ಅರ ಹಿಡಿದು, ಏನೂ ಕೆಟ್ಟಿರದ ಒಂದು ಬೀಗದ ಕೈಯನ್ನು ಉಜ್ಜುತ್ತ ಕೂತ.

ಮತ್ತೆ ಕರಿ ಬೆದೆಗೆ ಬರುವ ಕಾಲ ಬಂತು. ಗಲ್ಲಿಗೆ ಎಲ್ಲಿಂದಲೋ ಗಂಡುನಾಯಿಗಳು ಬಂದು ಸೇರಿದವು. ಊಳು, ಗುರುಗುಟ್ಟುವಿಕೆ, ಬೈಕಿನವರು ಬೀಳುವುದು. ಮೇಷ್ಟ್ರು ಸಂಘದ ಸಭೆ ಕರೆದರು. ಜಾಗ ಸಾಲದೆ ಸಭೆ ಇಸ್ತ್ರಿ ಚಾವಡಿಯ ಮುಂದೆಯೇ ನಡೆಯಿತು.

"ಭಾನುವಾರ ಒಂದು ಗಾಡಿ ಕರೆಸೋಣ. ಈ ಹೆಣ್ಣುನಾಯೀನ ಹಿಡಿದು ಊರಾಚೆ ಬಿಟ್ಟು ಬಂದ್ರೆ ಗಲ್ಲಿಗೆ ಬಿಡುಗಡೆ" ಎಂದರು ಮೇಷ್ಟ್ರು.

"ಊರಾಚೆ ಅಂದ್ರೆ ಪಕ್ಕದ ಊರಿನವರ ಊರೊಳಗೆ ತಾನೇ, ಮೇಷ್ಟ್ರೇ?" ಎಂದಳು ಹೆಂಡತಿ.

"ಅಲ್ಲಮ್ಮಾ, ನೀನು ಮನಸ್ಸಿಗೆ ಹಚ್ಚಿಕೊಂಡು ಮಾತಾಡ್ತಿದ್ದೀಯ. ಮರಿ ಹಾಕೋದು ಅದೇ ತಾನೇ?"

"ಹಾಕೋದು ಅದು. ಕೊಟ್ಟೋರು ಯಾರು? ಮಡಿಚಿದ ಕಿವಿ ಯಾರದು ಅಂತ ಕೇಳಿದ್ರೆ ಎಲ್ಲರೂ ಆಕಾಶ ನೋಡ್ತೀರಿ."

ಬೀಗದಣ್ಣನಿಗೆ ಮೈ ಉರಿಯಿತು. ಮನೆಯೊಳಗೆ ಆಡಿದರೆ ಮಾತು, ಹತ್ತು ಜನರ ಮುಂದೆ ಆಡಿದರೆ ಮಾನ. "ನನ್ನ ದೊರೆ ಹೆಸರು ಯಾಕೆ ಎಳೀತೀಯ? ಕೇಳ್ರಪ್ಪಾ, ಎಲ್ಲರೂ ಕೇಳಿಸ್ಕೊಳ್ಳಿ. ಇವತ್ತಿಂದ ಇದರ ಬೆದೆ ಇಳಿಯೋವರೆಗೂ ದೊರೆ ನನ್ನ ಶೆಡ್ಡಿನೊಳಗೆ, ನನ್ನ ಹೊಸ ಬೀಗದೊಳಗೆ. ಇರೋದು ಒಂದೇ ಬೀಗದ ಕೈ, ಅದು ಮೇಷ್ಟ್ರ ಜೇಬಲ್ಲಿರಲಿ. ಆಮೇಲೂ ಕರಿ ಹೊಟ್ಟೆ ಊದಿದ್ರೆ ಅದು ನನ್ನ ನಾಯೀದಲ್ಲ ಅಂತ ಆಯ್ತಲ್ಲ? ಆಗ ಗಾಡಿ ಕರೆಸಿ, ನಾನೇ ಎತ್ತಿ ಹಾಕ್ತೀನಿ."

"ನಿಮ್ಮ ನಾಯೀದೇ ಅಂತ ಆದ್ರೆ?" ಎಂದಳು ಹೆಂಡತಿ.

"ಆದ್ರೆ ಡಾಕ್ಟರಮ್ಮನ ಹತ್ರ ಕರಕೊಂಡು ಹೋಗ್ತೀನಿ. ಕರಿ ಇಲ್ಲೇ ಇರಲಿ."

ಅವಳ ಮುಖ ಸಪ್ಪಗಾಯಿತು. ಗಲ್ಲಿಯಲ್ಲಿ ದೊರೆಯೊಬ್ಬನೇ ಗಂಡಲ್ಲವಲ್ಲ. ಅವನು ಒಳಗಿದ್ದರೂ ಕರಿ ಮರಿ ಹಾಕಿಯೇ ಹಾಕುತ್ತಾಳೆ, ಆಗ ಗಾಡಿ ಬಂದೇ ಬರುತ್ತದೆ. ಗಂಡ ಗೆದ್ದರೆ ಕರಿಗೆ ಸೋಲು, ಗಂಡ ಸೋಲುವ ದಾರಿಯೇ ಕಾಣುತ್ತಿರಲಿಲ್ಲ. ಅವಳು ಮೇಜಿನ ಕೆಳಗೆ ಬಗ್ಗಿ ನೋಡಿದಳು. ಜಾಗ ಖಾಲಿ ಇತ್ತು. ಮಧ್ಯಾಹ್ನವೇ ಗಂಡುನಾಯಿಗಳ ಹಿಂಡು ಕರಿಯನ್ನು ಅಟ್ಟಿಸಿಕೊಂಡು ಹೋಗಿತ್ತು.

ಶೆಡ್ಡು ಮನೆಯ ಹಿಂದೆ. ತಗಡಿನ ಮಾಡು, ದಪ್ಪ ಮರದ ಬಾಗಿಲು, ಉದ್ದನೆಯ ಕೆಲಸದ ಬೆಂಚು, ಬೆಂಚಿನಡಿ ಎಣ್ಣೆ ಒರೆಸಲು ರಾಶಿ ಹಾಕಿದ ಹಳೆ ಬಟ್ಟೆ. ಆಚೆಗೆ, ಶೆಡ್ಡಿನೊಳಗಿಂದ ಮಾತ್ರ ಹೋಗಬಹುದಾದ ಕೈಯಗಲದ ಅಂಗಳ, ಅದರ ಸುತ್ತ ಪಕ್ಕದ ಮನೆಗಳ ಕಿಟಕಿಯಿಲ್ಲದ ಎತ್ತರದ ಗೋಡೆಗಳು. ದೊರೆಗೆ ಗಾಳಿ ಬೆಳಕಿಗೆ ಕೊರತೆಯಿಲ್ಲ. "ಹಕ್ಕಿ ಬಿಟ್ಟರೆ ಇನ್ಯಾವ ಪ್ರಾಣೀನೂ ಇಲ್ಲಿಗೆ ಬರೋಕೆ ಆಗಲ್ಲ" ಎಂದು ಬೀಗದಣ್ಣ ಸಭೆಗೆ ಸಭೆಯನ್ನೇ ಕರೆದು ತೋರಿಸಿದ. ದೊರೆಯನ್ನು ಒಳಗೆ ತಳ್ಳಿದ. ಆಶ್ಚರ್ಯವೆಂದರೆ ದೊರೆ ತಾನಾಗಿಯೇ, ಬಾಲ ಅಲ್ಲಾಡಿಸುತ್ತ ಒಳಗೆ ಹೋದ. ಬೀಗದಣ್ಣ ಬಾಗಿಲೆಳೆದು, ಕಣ್ಣು ಮುಚ್ಚಿ, ಬೀಗದ ಕೈ ತಿರುಗಿಸಿದ. ಟಕ್. ಟಕ್. ಲಿವರುಗಳು ಕೂತವು. ಕಣ್ಣು ತೆರೆಯದೆಯೇ ನಕ್ಕ.

"ಇದನ್ನ ನಾನು ಬಿಟ್ಟರೆ ಬ್ರಹ್ಮನೂ ತೆಗೆಯಲಾರ."

ಮೇಷ್ಟ್ರು ಬೀಗದ ಕೈಯನ್ನು ಜೇಬಿಗಿಳಿಸಿದರು.

ಆಮೇಲಿನ ದಿನಗಳು ಬೀಗದಣ್ಣನ ಜೀವಮಾನದ ಅತಿ ಹೆಮ್ಮೆಯ ದಿನಗಳು. ಬಾಗಿಲ ಕೆಳಗಿನ ಸಂದಿಯಲ್ಲಿ ತಟ್ಟೆ ತಳ್ಳುತ್ತಿದ್ದ, ತಟ್ಟೆ ನೆಕ್ಕಿಸಿಕೊಂಡು ಲಕಲಕ ಹೊಳೆಯುತ್ತ ಹೊರಬರುತ್ತಿತ್ತು. ಎರಡು ಪಟ್ಟು ಹಾಕಿದರೂ ಅಷ್ಟೇ. "ನೋಡು, ಚಿಂತೆ ಬಿಟ್ಟ ಗಂಡಿಗೆ ಹಸಿವು ಹೇಗಿರುತ್ತೆ" ಎಂದು ಹೆಂಡತಿಗೆ ತೋರಿಸಿದ. ದೊರೆ ಒಮ್ಮೆಯೂ ಊಳಿಡಲಿಲ್ಲ, ಬಾಗಿಲು ಕೆರೆಯಲಿಲ್ಲ. "ಶಿಸ್ತು ಅಂದ್ರೆ ಇದು. ಡಾಕ್ಟರಮ್ಮನ ಕತ್ತರಿ ಮಾಡೋ ಕೆಲಸಾನ ಬೀಗ ಮಾಡ್ತು" ಎಂದು ಕಟ್ಟೆಯ ಮೇಲೆ ಹೇಳಿಕೊಂಡ.

ಇನ್ನೊಂದು ವಿಚಿತ್ರ ನಡೆಯಿತು. ಊರಿನ ಗಂಡುನಾಯಿಗಳೆಲ್ಲ ಗಲ್ಲಿ ಬಿಟ್ಟು ಶೆಡ್ಡಿನ ಬಾಗಿಲ ಮುಂದೆ ಬಂದು ಕೂರತೊಡಗಿದವು. ಸಂದಿಗೆ ಮೂಗು ಹಚ್ಚುವುದೇನು, ನಿಟ್ಟುಸಿರಿಡುವುದೇನು! ಮೇಷ್ಟ್ರ ಚುಕ್ಕೆನಾಯಿಯೂ ಸರಪಳಿ ಎಳೆದುಕೊಂಡು ಬಂದು ಮುಂದಿನ ಸಾಲಿನಲ್ಲಿ ಜಾಗ ಹಿಡಿಯಿತು.

"ನೋಡಿದ್ರಾ? ದೊರೆ ಒಳಗಿದ್ದಾನಂತ ಎಲ್ಲ ಸಲಾಮು ಹೊಡೆಯೋಕೆ ಬಂದಿದ್ದಾವೆ" ಎಂದ ಬೀಗದಣ್ಣ.

"ಸ್ವಾಭಾವಿಕ" ಎಂದರು ಮೇಷ್ಟ್ರು.

ಕರಿ ಮಾತ್ರ ಎಲ್ಲೂ ಕಾಣಲಿಲ್ಲ. ಹೆಂಡತಿ ಗಲ್ಲಿಗಲ್ಲಿ ಸುತ್ತಿ ಕರೆದು ಬಂದಳು. ಮೇಷ್ಟ್ರೇ ಗುಟ್ಟಾಗಿ ಸಾಗಿಸಿದ್ದಾರೆಂದು ಅವಳಿಗೆ ಗುಮಾನಿ. ಅವರ ಅಂಗಿಗಳನ್ನು ಮುದುರಿದ್ದು ಮುದುರಿದ ಹಾಗೆಯೇ ವಾಪಸ್ಸು ಕಳಿಸಿದಳು. "ಕರಿ ಸಿಗೋವರೆಗೂ ನಿಮ್ಮ ಬಟ್ಟೆಗೆ ನನ್ನ ಪೆಟ್ಟಿಗೆ ಕಾಯಲ್ಲ." ಮೇಷ್ಟ್ರು ಸುಕ್ಕು ಅಂಗಿಯಲ್ಲಿ ಓಡಾಡುವುದನ್ನು ಗಲ್ಲಿ ಮೊದಲ ಸಲ ನೋಡಿತು.

ಕೊನೆಗೆ ಶೆಡ್ಡಿನ ಮುಂದಿನ ಹಿಂಡು ಕರಗಿತು, ಬಂದ ನಾಯಿಗಳು ತಮ್ಮ ತಮ್ಮ ಬೀದಿಗೆ ಹೋದವು. ಬೆದೆ ಇಳಿಯಿತೆಂದು ಲೆಕ್ಕ. ಬೀಗ ತೆಗೆಯುವ ಬೆಳಿಗ್ಗೆ ಗಲ್ಲಿಯೇ ಹಿತ್ತಲಿಗೆ ಬಂದು ನಿಂತಿತ್ತು. ಬೀಗದಣ್ಣ ಮೊದಲು ಒಂದು ಸಣ್ಣ ಭಾಷಣ ಬಿಗಿದ. ಒಳಗೆ ಇರುವೆಯೂ ಹೋಗಿಲ್ಲ, ಹೊರಗೆ ಇರುವೆಯೂ ಬಂದಿಲ್ಲ, ಇದಕ್ಕೆ ತಾನು ಜವಾಬ್ದಾರಿ ಎಂದ. ಮೇಷ್ಟ್ರು ಬೀಗದ ಕೈ ಕೊಟ್ಟರು. ಬೀಗ ತೆರೆಯಿತು. ಬಾಗಿಲು ಕಿರುಗುಟ್ಟಿತು. ಬೀಗದಣ್ಣ ಅಭ್ಯಾಸಬಲದಿಂದ ಬಾಗಿಲಿಗೆ ಬೆನ್ನು ಮಾಡಿ, ಜನರ ಕಡೆ ಮುಖ ಮಾಡಿ ನಿಂತ.

ಹಾಗಾಗಿ ಅವನು ಮೊದಲು ನೋಡಿದ್ದು ಜನರ ಬಾಯಿಗಳನ್ನು. ಒಂದೊಂದಾಗಿ ತೆರೆದುಕೊಂಡವು.

ಅವನ ಬೆನ್ನ ಹಿಂದೆ ಕರಿ ಹೊರಗೆ ಬಂದಳು. ಮುಂಗಾಲು ಚಾಚಿ ಮೈಮುರಿದಳು. ಮೈಮೇಲೆ ಎಣ್ಣೆಬಟ್ಟೆಯ ನೂಲುಗಳು ಅಂಟಿಕೊಂಡಿದ್ದವು. ಯಾರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಇಸ್ತ್ರಿ ಮೇಜಿನ ಕಡೆಗೆ ನಡೆದುಹೋದಳು. ಅವಳ ಹಿಂದೆ, ಆಕಳಿಸುತ್ತ, ಮಡಿಚಿದ ಕಿವಿಯ ದೊರೆ.

ಹಿಂಡಿನಿಂದ ತಪ್ಪಿಸಿಕೊಂಡ ಕರಿ ಆ ಮಧ್ಯಾಹ್ನವೇ ತೆರೆದಿದ್ದ ಶೆಡ್ಡಿಗೆ ನುಗ್ಗಿ ಬೆಂಚಿನಡಿಯ ಬಟ್ಟೆರಾಶಿಯಲ್ಲಿ ಅಡಗಿದ್ದಳು. ಬೀಗದಣ್ಣ ಕಣ್ಣು ಮುಚ್ಚಿ ಬೀಗ ಹಾಕಿದ್ದ.

ಬೇಕರಿಯವನು ಮೊದಲು ಚೇತರಿಸಿಕೊಂಡ. "ಬೀಗ ಕೈಕೊಟ್ಟಿರಬೇಕಣ್ಣಾ. ಯಾರೋ ತೆಗೆದು ಕರೀನ ಒಳಗೆ ಬಿಟ್ಟಿದ್ದಾರೆ. ಹಾಗಿದ್ರೆ ಬೇರೆ ನಾಯೀನೂ ಹೋಗಿರಬಹುದಲ್ವಾ?"

ಮೇಷ್ಟ್ರು ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟರು. "ಹೌದಪ್ಪಾ, ಬೀಗದ್ದೇ ದೋಷ ಅಂದುಬಿಡು. ಬೀಗ ಇನ್ನೊಂದು ಮಾಡಬಹುದು. ದೊರೆ ಮಾನ ಹೋದ್ರೆ ಮತ್ತೆ ಬರುತ್ತಾ?"

ಬಿಸಿತುಪ್ಪ ಬಾಯಿಗೆ ಬಿದ್ದಿತ್ತು. ಬೀಗ ಸುಳ್ಳು ಎಂದರೆ ದೊರೆ ಉಳಿಯುತ್ತಾನೆ, ಕರಿ ಗಾಡಿ ಹತ್ತುತ್ತಾಳೆ, ಆದರೆ ನಾಳೆಯಿಂದ ಯಾವ ಮನೆಯವರು ಅವನ ಕೈಯ ಬೀಗ ಹಾಕಿ ನಿದ್ದೆ ಮಾಡಿಯಾರು? ಬೀಗ ನಿಜ ಎಂದರೆ ಒಳಗಿದ್ದ ಗಂಡು ಒಂದೇ.

ಹೆಂಡತಿ ಇಸ್ತ್ರಿ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದೇ ಬಂದಿದ್ದಳು. "ರೀ, ಬೀಗ ಸುಳ್ಳೋ, ದೊರೆ ಸುಳ್ಳೋ? ಒಂದು ಹೇಳಿ. ಕೆಂಡ ಆರುತ್ತೆ, ನನಗೆ ಕೆಲಸ ಇದೆ."

ಬೀಗದಣ್ಣ ಬೀಗವನ್ನು ಅಂಗೈಯಲ್ಲಿ ಇಟ್ಟುಕೊಂಡ. ಕಣ್ಣು ಮುಚ್ಚಿ ಬೀಗದ ಕೈ ತಿರುಗಿಸಿದ. ಟಕ್. ಟಕ್. ಆ ಸದ್ದು ಮೇಷ್ಟ್ರಿಗೂ ಕೇಳಿಸಿತು. ಈ ಸಲ ಅವನು ನಗಲಿಲ್ಲ, ಕಣ್ಣು ತೆರೆದ.

"ಬೀಗ ಸುಳ್ಳಲ್ಲ" ಎಂದ. "ಹಾಕುವಾಗ ಒಳಗೇನಿದೆ ಅಂತ ನಾನು ನೋಡಲಿಲ್ಲ. ಅಷ್ಟೇ."

ಮರುದಿನ ದೊರೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ಹೊರಗಿನ ಬೆಂಚಿನ ಮೇಲೆ ಕಾಲು ಜೋಡಿಸಿಕೊಂಡು ಕೂತ. ಸಂಜೆಗೆ ದೊರೆ ಓಲಾಡುತ್ತ ಮನೆಗೆ ಬಂದು ಮಲಗಿದ. ಗಲ್ಲಿಯ ಗಂಡಸರು ಒಬ್ಬೊಬ್ಬರಾಗಿ ಬಂದು, ಸಾವಿನ ಮನೆಗೆ ಬಂದವರ ಹಾಗೆ ದನಿ ತಗ್ಗಿಸಿ, "ಹೇಗಿದ್ದಾನೆ?" ಎಂದು ಕೇಳಿ ಹೋದರು. ದೊರೆಗೆ ತಾನು ಯಾವ ಮಾನ ಕಳೆದುಕೊಂಡೆ ಎಂಬುದು ಯಾರೂ ತಿಳಿಸದೆ ಗೊತ್ತಾಗಲಿಲ್ಲ. ಹೊಲಿಗೆ ಮಾಗುತ್ತಿದ್ದಂತೆ ಮೊದಲಿನ ಹಾಗೆಯೇ ಬೊಗಳಿದ, ಮೊದಲಿನ ಹಾಗೆಯೇ ತಟ್ಟೆ ನೆಕ್ಕಿದ, ಸಾಂತ್ವನ ಹೇಳಲು ಬಂದ ಮೇಷ್ಟ್ರ ಸ್ಕೂಟರಿನ ಹಿಂದಿನ ಚಕ್ರಕ್ಕೆ ಮೊದಲಿನ ಹಾಗೆಯೇ ಕಾಲೆತ್ತಿದ.

ಕರಿ ಶೆಡ್ಡಿನ ಬಟ್ಟೆರಾಶಿಯಲ್ಲೇ ಮರಿ ಹಾಕಿದಳು. ಬಹುತೇಕ ಎಲ್ಲವಕ್ಕೂ ಎಡಗಿವಿ ಮಡಿಚಿತ್ತು. ಈ ಸಲ ಯಾವುದೂ ಚಕ್ರದಡಿ ಹೋಗಲಿಲ್ಲ. ಮರಿಗಳು ಕಣ್ಣು ಬಿಟ್ಟ ಸುದ್ದಿ ಹಬ್ಬಿ, ಸಾಕುತ್ತೇವೆಂದು ಜನ ಬಂದರು. ಬಂದವರೆಲ್ಲ ಮರಿಯನ್ನು ಎತ್ತುತ್ತಿದ್ದರು, ತಿರುಗಿಸಿ ಹೊಟ್ಟೆಯ ಕೆಳಗೆ ನೋಡುತ್ತಿದ್ದರು, ಹೆಣ್ಣಾದರೆ ಕೆಳಗಿಡುತ್ತಿದ್ದರು.

"ಗಂಡು ಕೊಡಿ ಅಣ್ಣಾ. ಹೆಣ್ಣು ಯಾಕೆ, ಸುಮ್ಮನೆ ಮರಿ ಹಾಕ್ಕೊಂಡು ತಲೆನೋವು."

"ಗಂಡು ತಗೊಳ್ಳಿ" ಎನ್ನುತ್ತಿದ್ದ ಬೀಗದಣ್ಣ. "ದೊಡ್ಡದಾದ ಮೇಲೆ ಡಾಕ್ಟರಮ್ಮನ ಹತ್ರ ನಾನೇ ಬಂದು ಕರಕೊಂಡು ಹೋಗ್ತೀನಿ. ಒಪ್ಪಿಗೇನಾ?"

ಅರ್ಧ ಜನ ಅಲ್ಲೇ ಕಾಲು ಜೋಡಿಸಿಕೊಂಡು ವಾಪಸ್ಸು ಹೋದರು. ಬೇಕರಿಯವನು ಒಪ್ಪಿದ, ನಾಲ್ಕು ದಿನ ಯೋಚಿಸಿ. ಕರಿಗೆ ಮರಿಗಳು ಹಾಲು ಬಿಟ್ಟ ಮೇಲೆ ಆಪರೇಷನ್ ಆಯಿತು. ಅವಳದು ಹೊಟ್ಟೆ ಕೊಯ್ಯುವ ಕೆಲಸ, ಚೇತರಿಸಿಕೊಳ್ಳಲು ದೊರೆಗಿಂತ ಹೆಚ್ಚು ದಿನ ಹಿಡಿಯಿತು. ಅವಳನ್ನು ಹೇಗಿದ್ದಾಳೆ ಎಂದು ಕೇಳಲು ಗಂಡಸರು ಯಾರೂ ಬರಲಿಲ್ಲ. ಯಾರಿಗೂ ಬೇಡವಾದ ಎರಡು ಹೆಣ್ಣುಮರಿಗಳು ಅವಳ ಜೊತೆ ಇಸ್ತ್ರಿ ಮೇಜಿನ ಕೆಳಗೆ ಉಳಿದವು. ಬೀಗದಣ್ಣ ಈಗಲೂ ಕಣ್ಣು ಮುಚ್ಚಿಯೇ ಬೀಗ ಪರೀಕ್ಷೆ ಮಾಡುತ್ತಾನೆ. ಆದರೆ ಬಾಗಿಲೆಳೆಯುವ ಮುಂಚೆ ಒಮ್ಮೆ ತಲೆ ಒಳಗೆ ಹಾಕಿ, ಬೆಂಚಿನಡಿ ಬಗ್ಗಿ ನೋಡುತ್ತಾನೆ. ಗಿರಾಕಿಗಳು ನಗುತ್ತಾರೆ. ನಗಲಿ.

ಮೇಷ್ಟ್ರ ಚುಕ್ಕೆನಾಯಿ ಮಾತ್ರ ಹಾಗೆಯೇ ಇದೆ. ಬೆಳಿಗ್ಗೆ ಮೇಷ್ಟ್ರು ಸರಪಳಿ ಬಿಚ್ಚುತ್ತಾರೆ, ಕಣ್ಣು ಮುಚ್ಚುತ್ತಾರೆ. ಅದು ಎಲ್ಲಿಗೋ ಹೋಗಿ ಬರುತ್ತದೆ. ಪಕ್ಕದ ಬೀದಿಯಲ್ಲಿ ಚುಕ್ಕೆ ಚುಕ್ಕೆಯ ಮರಿಗಳು ಚರಂಡಿ ಪಕ್ಕ ಕುಂಯ್‌ಗುಡುತ್ತಿವೆ, ಅವುಗಳ ತಾಯಿಗೆ ನಾಚಿಕೆಯಿಲ್ಲವೆಂದು ಆ ಬೀದಿಯವರು ಸಭೆ ಕರೆದಿದ್ದಾರೆ.

ನಿಮ್ಮ ಮನೆಯ ಗಂಡುನಾಯಿ ಈಗ ಎಲ್ಲಿದೆ? ಗೊತ್ತಿಲ್ಲ, ಅಲ್ಲವೇ? ಈ ಹಾಳೆ ಕೆಳಗಿಡಿ. ಎದ್ದು ಹೋಗಿ ಹುಡುಕಿ, ಕತ್ತಿನ ಪಟ್ಟಿ ಹಿಡಿದು ಮನೆಗೆ ಕರೆತನ್ನಿ. ನಾಳೆ ಬೆಳಿಗ್ಗೆ ಪಶು ಆಸ್ಪತ್ರೆಯ ಬಾಗಿಲು ತೆರೆಯುವ ಹೊತ್ತಿಗೆ ಅದರ ಜೊತೆ ಅಲ್ಲಿ ನಿಂತಿರಿ. ಕಾಲು ಬೇಕಾದರೆ ಜೋಡಿಸಿಕೊಂಡೇ ನಿಲ್ಲಿ, ಆದರೆ ನಿಲ್ಲಿ. ಬೀದಿಯ ಹೆಣ್ಣುನಾಯಿಯನ್ನು ಬೈಯುವ ಬಾಯಿಯನ್ನು ಅಲ್ಲಿಯವರೆಗೂ ಮುಚ್ಚಿಡಿ.